ಸಾವಿರದ ಆಚೆಯ ಫೋಟೋಗಳು

ಮೇಟಗಳ್ಳಿಯ ಆ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ರಮಾಮಣಿ ಹದಿನಾಲ್ಕು ವರ್ಷದಿಂದ ಕೈಪಿಡಿ ಬರೆಯುತ್ತಿದ್ದಳು. ಯಾವ ಟೂಲ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ಬಿಡಿಸಿ ಹೇಳುವುದು ಅವಳ ಕೆಲಸ. ಈ ಸಲ ಬಂದದ್ದು ಫೈಲ್‌ಗಳ ಪಟ್ಟಿ ಕೊಡುವ ಟೂಲ್. ಗಿರಾಕಿಗಳು ಕ್ಲೌಡ್‌ನಲ್ಲಿ ಏನೇನು ಇಟ್ಟಿದ್ದಾರೆ ಎಂಬುದನ್ನು, ಅವರ ಪ್ರಶ್ನೆಗಳಿಗೆ ಉತ್ತರಿಸುವ ಎಐ ಏಜೆಂಟ್ ಇದರಿಂದಲೇ ತಿಳಿದುಕೊಳ್ಳಬೇಕು. ಹಾಗಾಗಿ ಕೈಪಿಡಿಯನ್ನು ಓದುವುದೂ ಏಜೆಂಟೇ, ಮನುಷ್ಯರಲ್ಲ.

ರಮಾಮಣಿ ಮೂರು ವಾರ ಕೂತು ಒಂಬತ್ತು ಪುಟ ಬರೆದಳು. ಅದನ್ನು ಓದಿದ ಏಜೆಂಟ್ ಗೊಂದಲಕ್ಕೆ ಬಿದ್ದು, ಹೇಳಿದ ಫೋಲ್ಡರ್ ಬಿಟ್ಟು ಬೇರೆಯದನ್ನು ಹುಡುಕಿತು. ಮ್ಯಾನೇಜರ್ ಅನಂತಪದ್ಮನಾಭ ಕೆಲಸವನ್ನು ಬಿಂದುವಿಗೆ ವಹಿಸಿದರು.

ಬಿಂದು ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯವರ ಮಗಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಕಲಿಸಿದವಳು ರಮಾಮಣಿಯೇ. ಬಿಂದು ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಪುಟವನ್ನು ಹನ್ನೆರಡು ಸಾಲಿಗೆ ಇಳಿಸಿದಳು. ಏಜೆಂಟ್ ಒಂದು ಸಲವೂ ದಾರಿ ತಪ್ಪಲಿಲ್ಲ.

“ಅಂಗಡೀಲಿ ಗಿರಾಕಿಗೆ ಹೇಳೋ ಹಾಗೆ ಹೇಳಿದಾಳೆ ನೋಡ್ರೀ,” ಎಂದು ಅನಂತಪದ್ಮನಾಭ ಮೀಟಿಂಗಿನಲ್ಲಿ ಆ ಹನ್ನೆರಡು ಸಾಲನ್ನೂ ಗಟ್ಟಿಯಾಗಿ ಓದಿದರು. ಮೂರನೆಯ ಸಾಲು ರಮಾಮಣಿಯದೇ. ಬಿಂದು ಅದರಿಂದ ಎರಡು ಪದ ತೆಗೆದಿದ್ದಳು, ಅಷ್ಟೆ. ಸಾಲು ಎಷ್ಟೋ ಚೆನ್ನಾಗಿತ್ತು. ಅದನ್ನೇ ರಮಾಮಣಿಗೆ ಸಹಿಸಲಾಗಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಬಿಂದು ಅವಳ ಬಳಿ ಬಂದಳು. “ನೀವೊಂದ್ಸಲ ನೋಡ್ಬುಡಿ ಮೇಡಂ. ಏನಾದ್ರೂ ಬಿಟ್ಟೋಗಿದ್ರೆ ಹೇಳ್ಬುಡಿ.”

ಬಿಟ್ಟುಹೋಗಿತ್ತು. ಟೂಲ್ ಒಂದು ಸಲಕ್ಕೆ ಸಾವಿರ ಫೈಲ್‌ಗಳ ಹೆಸರನ್ನಷ್ಟೇ ಕೊಡುತ್ತದೆ. ಮಿಕ್ಕವು ಬೇಕಾದರೆ ಮತ್ತೆ ಕೇಳಬೇಕು. ರಮಾಮಣಿಯ ಆರನೆಯ ಪುಟದಲ್ಲಿದ್ದ ಈ ಮಾತು ಬಿಂದುವಿನ ಹನ್ನೆರಡು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಪರೀಕ್ಷೆಗೆ ಇಟ್ಟದ್ದು ಸಣ್ಣ ಸಣ್ಣ ಫೋಲ್ಡರ್‌ಗಳಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಮಾಮಣಿಗೆ ಅದು ಕಂಡದ್ದು ಎರಡೇ ನಿಮಿಷದಲ್ಲಿ. ಬರೆದವಳೇ ಎಡವಿ ನೋಡಲಿ ಎಂದುಕೊಂಡು ಅವಳು ‘ಸರಿಯಿದೆ’ ಎಂದು ಒಪ್ಪಿಗೆಯ ಗುಂಡಿ ಒತ್ತಿದಳು.

ಒಂದು ತಿಂಗಳು ಏನೂ ಆಗಲಿಲ್ಲ. ಬಿಂದುವನ್ನು ಹೊಗಳುವ ಮಾತು ಕಿವಿಗೆ ಬಿದ್ದಾಗಲೆಲ್ಲ, ‘ಇರಲಿ, ಇರಲಿ’ ಎಂದು ರಮಾಮಣಿ ಒಳಗೊಳಗೇ ಕಾಯುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಆಫೀಸಿಗೆ ವಯಸ್ಸಾದವರೊಬ್ಬರು ಬಂದರು. ಹೆಸರು ಸಿದ್ದಲಿಂಗಸ್ವಾಮಿ. ಕಂಪನಿಯ ಗಿರಾಕಿಯಾದ, ಊರಿನ ಹಳೆಯ ಫೋಟೋಗಳನ್ನು ಕಾಪಾಡುವ ಒಂದು ಟ್ರಸ್ಟಿಗಾಗಿ ಎರಡು ವರ್ಷದಿಂದ ಗಾಜಿನ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದವರು. ಕೈಯಲ್ಲಿ ದಪ್ಪನೆಯ ನೋಟ್‌ಬುಕ್ಕಿತ್ತು.

“ಸಾವಿರದ ಆರುನೂರ ನಲವತ್ತು ಫೋಟೋ. ಒಂದೊಂದ್ನೂ ನಾನೇ ಏರ್ಸಿದೀನಿ ಕಣಮ್ಮ, ನಂಬರು ಬರ್ಕೊಂಡಿದೀನಿ. ನಿಮ್ಮ ಕಂಪ್ಯೂಟರು ಆರುನೂರ ನಲವತ್ತು ಇಲ್ಲವೇ ಇಲ್ಲ ಅಂತದೆ. ಟ್ರಸ್ಟಿನೋರು ನಾಳೆಯಿಂದ ಬರ್ಬೇಡ ಅಂದ್ರು. ಗಾಜನ್ನೇ ಒಡೆದಾಕಿ ಸುಳ್ಳು ಬರ್ದಿದೀನಂತೆ.”

ಬಿಂದು ಅವರನ್ನು ಕೂರಿಸಿ, ನೀರು ಕೊಟ್ಟು, ಏಜೆಂಟಿಗೆ ಮತ್ತೆ ಮತ್ತೆ ಅದೇ ಪ್ರಶ್ನೆ ಹಾಕಿದಳು. ಮತ್ತೆ ಮತ್ತೆ ಅದೇ ಉತ್ತರ ಬಂತು. ಅವಳ ಮುಖ ಸಣ್ಣದಾಯಿತು.

ರಮಾಮಣಿ ಕಾದಿದ್ದ ಗಳಿಗೆ ಬಂದಿತ್ತು. ಸುಮ್ಮನಿದ್ದರೆ ಸಾಕು, ಸಂಜೆಯೊಳಗೆ ತಪ್ಪು ಯಾರದೆಂದು ತಾನಾಗಿ ತಿಳಿಯುತ್ತಿತ್ತು. ಆದರೆ ಸಿದ್ದಲಿಂಗಸ್ವಾಮಿ ನೋಟ್‌ಬುಕ್ ಬಿಚ್ಚಿ, ಬೆರಳಿಟ್ಟು ಒಂದೊಂದೇ ನಂಬರನ್ನು ತಾವೇ ಪರೀಕ್ಷಿಸತೊಡಗಿದರು. ತಮ್ಮ ಮೇಲೆ ಅವರಿಗೇ ಅನುಮಾನ ಬಂದಿತ್ತು. ಅದನ್ನು ಅವಳಿಂದ ನೋಡಲಾಗಲಿಲ್ಲ.

“ಫೋಟೋ ಎಲ್ಲ ಇವೆ ಸ್ವಾಮಿ,” ಎಂದು ಎದ್ದು ಬಂದಳು. “ಬಿಂದು, ಮುಂದಿನ ಪಟ್ಟಿ ಕೊಡು ಅಂತ ಕೇಳು.”

ಬಿಂದು ಕೇಳಿದಳು. ಸಾವಿರದ ಒಂದು, ಸಾವಿರದ ಎರಡು ಎಂದು ಹೆಸರುಗಳು ಪರದೆಯ ಮೇಲೆ ಸಾಲಾಗಿ ಇಳಿದವು. ಸಿದ್ದಲಿಂಗಸ್ವಾಮಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಿಮ್ಗೆ ಎಂಗೆ ಗೊತ್ತಾಯ್ತು ಮೇಡಂ?” ಎಂದಳು ಬಿಂದು.

“ನೀನು ತೋರಿಸಿದ ದಿನವೇ ಗೊತ್ತಿತ್ತು. ನೋಡಿಯೇ ಸರಿಯಿದೆ ಅಂದೆ.”

“ಯಾಕೆ?”

“ಹೊಟ್ಟೆಕಿಚ್ಚು ಕಣೇ.”

ಬಿಂದು ಪರದೆಯ ಕಡೆಗೆ ತಿರುಗಿಕೊಂಡಳು. ಅನಂತಪದ್ಮನಾಭರಿಗೂ ರಮಾಮಣಿ ತಾನೇ ಹೋಗಿ ಹೇಳಿದಳು. ಅವರು ಟ್ರಸ್ಟಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಸಿದ್ದಲಿಂಗಸ್ವಾಮಿ ಮರುದಿನವೇ ಕೆಲಸಕ್ಕೆ ಮರಳಿದರು. ಒಪ್ಪಿಗೆ ಕೊಡುವ ಅಧಿಕಾರ ರಮಾಮಣಿಯ ಕೈತಪ್ಪಿತು. ಬಿಟ್ಟುಹೋದ ಮಾತನ್ನು ಬಿಂದು ತಾನೇ ಒಂದು ಸಾಲಿನಲ್ಲಿ ಸೇರಿಸಿದಳು, ಯಾರಿಗೂ ತೋರಿಸಲಿಲ್ಲ.

ರಮಾಮಣಿ ಅದನ್ನು ಆಮೇಲೆ ಓದಿದಳು. ಏಳೇ ಪದ. ತಾನು ಅರ್ಧ ಪುಟ ಬರೆದಿದ್ದ ವಿಷಯ. ಹೊಟ್ಟೆಯೊಳಗೆ ಮತ್ತೆ ಅದೇ ಉರಿ ಎದ್ದಿತು. ಈ ಸಲ ಅವಳು ಬಿಂದುವಿನ ಮೇಜಿನ ತನಕ ನಡೆದುಹೋಗಿ, “ಚೆನ್ನಾಗಿದೆ,” ಎಂದಳು. ಬಿಂದು ತಲೆಯೆತ್ತದೆ, “ಥ್ಯಾಂಕ್ಸ್ ಮೇಡಂ,” ಎಂದು ಕೆಲಸ ಮುಂದುವರಿಸಿದಳು.