ಮಾಡದ ಕೊಲೆಯ ತಪ್ಪೊಪ್ಪಿಗೆ

ಪುಕ್ಕಟೆ ವಕೀಲರು ಅಂತಲೇ ಅವರಿಗೆ ಹೆಸರು. ಕೋರ್ಟಿನ ಹಿಂದಿನ ಬೀದಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ. ರಜೆಯ ದಿನ ಅಲ್ಲಿ ಸೇರಿ ಹಳೇ ಕ್ರಿಮಿನಲ್ ಕೇಸುಗಳ ಕಟ್ಟು ಬಿಚ್ಚಿ ಕೂರುತ್ತಿದ್ದರು. ತಪ್ಪು ಮಾಡದೆ ಜೈಲು ಸೇರಿದವರನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಯಾರ ಹತ್ತಿರವೂ ಕಾಸು ಮುಟ್ಟುತ್ತಿರಲಿಲ್ಲ. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರು ಮಾಡುವ ಅನಾಹುತ ಕೆಟ್ಟವರ ಕೈಲೂ ಆಗುವುದಿಲ್ಲ ಅನ್ನುವುದು ಟೈಲರಮ್ಮನಿಗೆ ಆಮೇಲೆ ಗೊತ್ತಾಯಿತು.

ಟೈಲರಮ್ಮನ ತಮ್ಮ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ಅಂಗಡಿಯ ಯಜಮಾನನನ್ನು ಯಾರೋ ಹೊಡೆದು ಕೊಂದು ಹೋದರು. ಎದುರು ಮನೆಯ ಬೀಗ ರಿಪೇರಿಯವನು "ಕಿಟಕಿಯಿಂದ ನಾನೇ ನೋಡಿದೆ, ಈ ಹುಡುಗನೇ ಓಡಿದ್ದು" ಅಂದ. ಅಷ್ಟಕ್ಕೇ ಜೀವಾವಧಿ. ತಮ್ಮನಿಗೆ ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು; ತಾಯಿಗೆ ಮಾತ್ರ ಅವನು ಇನ್ನೂ ಪುಟ್ಟನೇ.

ಅವನ ಕೇಸು ನೋಡುತ್ತಿದ್ದದ್ದು ಆ ಮಹಡಿ ಕೋಣೆಯ ಒಬ್ಬ ವಕೀಲಮ್ಮ. ಹೋದಾಗಲೆಲ್ಲ ಒಂದೇ ಮಾತು. "ನೋಡ್ತಾ ಇದೀವಿ ಕಣ್ರೀ."

"ಏನಾದ್ರೂ ಸಿಕ್ತಾ ಮೇಡಂ?"

"ನೋಡ್ತಾ ಇದೀವಿ."

ಖಾತ್ರಿಯಾಗುವ ತನಕ ಮನೆಯವರಿಗೆ ಒಂದು ಮಾತೂ ಹೇಳಬಾರದು ಅನ್ನುವುದು ಆ ಕೋಣೆಯ ಕಟ್ಟುನಿಟ್ಟು. ಹಿಂದೆ ಯಾರಿಗೋ ಆಸೆ ಹುಟ್ಟಿಸಿ, ಅದು ಮುರಿದು, ಆ ಮನೆಯಲ್ಲಿ ಒಂದು ಜೀವ ಹೋಗಿತ್ತಂತೆ. ಟೈಲರಮ್ಮನಿಗೆ ಇದು ಯಾರು ಹೇಳಬೇಕು? ಅವಳು ಮೆಟ್ಟಿಲಿಳಿಯುತ್ತಾ, "ನೋಡ್ತಾರಂತೆ ನೋಡ್ತಾರೆ, ಇವರು ನೋಡಿ ಮುಗಿಸೋ ಹೊತ್ತಿಗೆ ನಾವೆಲ್ಲ ಬೂದಿ" ಅಂತ ಶಪಿಸಿಕೊಂಡೇ ಮನೆಗೆ ಬರುತ್ತಿದ್ದಳು.

ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು. ಡಾಕ್ಟರು ಟೈಲರಮ್ಮನನ್ನು ಹೊರಗೆ ಕರೆದು, "ನೋಡೋರೆಲ್ಲ ಬಂದು ನೋಡ್ಕೊಂಡು ಹೋಗಲಿ" ಅಂದರು. ನೋಡಬೇಕಾದವನು ಇದ್ದದ್ದು ಒಬ್ಬನೇ. ಅವನಿಗೆ ಪೆರೋಲ್ ಕೇಳಿದರೆ ಜೈಲಿನವರು ಕೊಡಲಿಲ್ಲ. ತಾಯಿಯದು ಹಗಲೂ ರಾತ್ರಿ "ಪುಟ್ಟ ಬರಲಿ, ಪುಟ್ಟ ಬರಲಿ" ಅಂತ ಅದೇ ಜಪ.

ಜೈಲಿನಲ್ಲಿ ಬಿಡುಗಡೆ ಸಮಿತಿ ಅಂತ ಒಂದಿತ್ತು. ತಪ್ಪೊಪ್ಪಿಕೊಂಡು ಪಶ್ಚಾತ್ತಾಪ ಪಟ್ಟವರನ್ನು ಬೇಗ ಬಿಡುತ್ತಿದ್ದರು. ತಮ್ಮ ಹಿಂದೆಲ್ಲ ಅವರ ಮುಂದೆ ನಿಂತು, "ಮಾಡಿದ್ರೆ ತಾನೇ ಸ್ವಾಮಿ ಪಶ್ಚಾತ್ತಾಪ? ಇಲ್ಲದ್ದನ್ನ ಎಲ್ಲಿಂದ ತರಲಿ?" ಅಂದು ವಾಪಸು ಬಂದಿದ್ದ. ಈ ಸಲ ಟೈಲರಮ್ಮ ಸಂದರ್ಶನದ ಜಾಲರಿಗೆ ಹಣೆ ಹಚ್ಚಿ ಗೋಗರೆದಳು.

"ಮಾಡಿದೆ ಅಂದುಬಿಡೋ. ನಿನ್ನ ಕಾಲಿಗೆ ಬೀಳ್ತೀನಿ. ಅಮ್ಮ ಹೋಗ್ತಾ ಇದಾಳೆ."

ಅವನು ಮೆಲ್ಲಗೆ, "ಅಕ್ಕಾ, ಯಾವುದರಲ್ಲಿ ಹೊಡೆದೆ ಅಂತ ಕೇಳಿದ್ರೆ?" ಅಂದ.

"ಕಬ್ಬಿಣದ ರಾಡು. ತೀರ್ಪಲ್ಲಿ ಹಾಗೇ ಇದೆ."

"ಎಷ್ಟು ಏಟು?"

ಅವಳು ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ ಹಾಗೆ ಹೇಳಿಕೊಟ್ಟಳು: ಸಂಬಳದ ಜಗಳ, ಸಿಟ್ಟು, ರಾಡು, ಓಟ, ಕ್ಷಮಿಸಿ. ಅವನು ಸಮಿತಿಯ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದ. ಸಮಿತಿಯವರಿಗೆ ಮನಸ್ಸು ಕರಗಿತು, ಬಿಡುಗಡೆಯ ಆರ್ಡರೂ ಆಯಿತು. ಬರುವ ವಾರ ಮನೆಗೆ. ಟೈಲರಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಸ್ಕೂಲ್ ಯೂನಿಫಾರ್ಮಿಗೆ ಕಾಲರ್ ಕೂರಿಸುತ್ತಿದ್ದಾಗ ವಕೀಲಮ್ಮ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಮುಖದ ತುಂಬ ನಗು.

"ಆಯ್ತು ಕಣ್ರೀ! ಬೀಗದವನ ಕಿಟಕಿಯಲ್ಲಿ ನಾನೇ ನಿಂತು ನೋಡಿದೆ. ಅಲ್ಲಿಂದ ಅಂಗಡಿ ಬಾಗಿಲು ಕಾಣೋದೇ ಇಲ್ಲ, ಬೋರ್ಡು ಮಾತ್ರ ಕಾಣೋದು. ಅವನ ಹಿಂದೆ ಬಿದ್ದೆ. ನಿನ್ನೆ ಮುದುಕ ಅತ್ತುಬಿಟ್ಟ. ಏನೂ ನೋಡಿಲ್ಲ, ಪೊಲೀಸರು ಹೇಳಿಕೊಟ್ಟಿದ್ದು ಅಂತ ಪ್ರಮಾಣ ಮಾಡಿ ಬರೆದುಕೊಟ್ಟಿದಾನೆ. ನಿಮ್ಮ ತಮ್ಮನ ಸಹಿ ಒಂದು ಬೇಕು, ಕೋರ್ಟಿಗೆ ಹಾಕ್ತೀನಿ."

ಟೈಲರಮ್ಮನ ಕಾಲು ಮೆಷಿನ್ನಿನ ಪೆಡಲ್ ಮೇಲೇ ನಿಂತಿತು. ನಡೆದದ್ದೆಲ್ಲ ಹೇಳಿದಳು. ವಕೀಲಮ್ಮ ಹಾಗೇ ಬಟ್ಟೆಯ ಗಂಟಿನ ಮೇಲೆ ಕೂತಳು.

"ಅಯ್ಯೋ... ಒಪ್ಪಿಕೊಂಡ್ನಾ? ಅವನೇ ಬಾಯಿಬಿಟ್ಟು ಹೇಳಿದ ಮೇಲೆ ಸಾಕ್ಷಿ ಏನು ಹೇಳಿದ್ರೇನು? ಬಿಡುಗಡೆ ಸಿಕ್ಕಿದ್ದೇ ಆ ತಪ್ಪೊಪ್ಪಿಗೆ ಮೇಲೆ, ಅದನ್ನ ತಗೊಂಡು ಆಚೆ ಕಾಲಿಟ್ಟರೆ ಕೇಸು ಸತ್ತ ಹಾಗೇ. ಹೇಳಿದ್ದು ಸುಳ್ಳು, ಬಿಡುಗಡೆ ಬೇಡ ಅಂತ ಈಗಲೇ ಬರೆದುಕೊಟ್ಟರೆ ಮಾತ್ರ ದಾರಿ. ಆಮೇಲೂ ಒಂದೆರಡು ವರ್ಷ ಒಳಗಿರಬೇಕು."

"ಕಿಟಕಿ ವಿಷಯ ಯಾವಾಗ ಗೊತ್ತಾಯ್ತು ನಿಮಗೆ?"

ವಕೀಲಮ್ಮ ತಲೆ ತಗ್ಗಿಸಿದಳು. "ಹೋದ ಬೇಸಿಗೆಯಲ್ಲೇ. ಖಾತ್ರಿ ಆಗಲಿ ಅಂತ..."

"ಒಂದು ಮಾತು!" ಟೈಲರಮ್ಮ ಕಿರುಚಿದಳು. "ಒಂದೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಕೈಯಾರ ಅವನನ್ನ ಕೊಲೆಗಾರನ್ನ ಮಾಡಿದೆನಲ್ಲ!"

ಮನೆಯವರು ನೋಯದಿರಲಿ ಅಂತ ಒಬ್ಬಳು, ಅಮ್ಮ ನೋಯದಿರಲಿ ಅಂತ ಇನ್ನೊಬ್ಬಳು ಮಾಡಿದ್ದೇ ಇಬ್ಬರ ಕುತ್ತಿಗೆಗೂ ಬಂದಿತ್ತು.

ಪರದೆಯ ಹಿಂದಿನ ಮಂಚದಿಂದ ದನಿ ಬಂತು. "ಏಯ್, ಇಬ್ಬರೂ ಇಲ್ಲಿ ಬನ್ನಿ."

ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದೇಹ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ.

"ಬಿಡುಗಡೆ ಬೇಡ ಅಂತ ಬರೆಸು."

"ಅವನು ಬರೆಯಲ್ಲಮ್ಮ. ನಿನ್ನ ನೋಡೋಕೆ ಓಡಿ ಬರ್ತಾನೆ. ಬರಲಿ ಅಂತ ನೀನೇ ಅಲ್ವಾ ಪ್ರಾಣ ತಿಂದಿದ್ದು?"

"ಪುಟ್ಟ ಬರಲಿ ಅಂದೆ. ಕೊಲೆಗಾರ ಬರಲಿ ಅಂದೆನಾ?" ಉಸಿರು ಸಿಗದೆ ಸ್ವಲ್ಪ ತಡೆದು, "ನಾನು ಸತ್ತೆ ಅಂತ ಹೇಳು ಅವನಿಗೆ. ಎಲ್ಲ ಮುಗೀತು ಅನ್ನು. ಆಮೇಲೆ ಯಾರಿಗೋಸ್ಕರ ಓಡಿ ಬರ್ತಾನೆ?" ಅಂದಳು.

"ಅಮ್ಮಾ, ಇದು ಸುಳ್ಳು," ಅಂದಳು ವಕೀಲಮ್ಮ. "ನಾನು ಹೇಗೆ..."

"ಸುಳ್ಳೇನು ಬಂತು ತಾಯಿ? ನಾಲ್ಕು ದಿನ ಹಿಂದೆ ಮುಂದೆ."

ವಕೀಲಮ್ಮ ಅಲ್ಲೇ ಕೂತು ಕಾಗದ ಬರೆದಳು, ಇಬ್ಬರೂ ಜೈಲಿಗೆ ಹೊರಟರು. ಜಾಲರಿಯ ಆಚೆ ತಮ್ಮ ಕ್ಷೌರ ಮಾಡಿಸಿಕೊಂಡು, ಮನೆಗೆ ಹೊರಡುವವನ ಮುಖ ಹೊತ್ತು ಬಂದ. "ಅಕ್ಕಾ, ಅಮ್ಮ ಹೆಂಗಿದಾಳೆ?" ಅದೇ ಅವನ ಮೊದಲ ಮಾತು.

ಟೈಲರಮ್ಮನಿಗೆ ಹೇಳಲಾರೆ ಅನ್ನಿಸಿತು. ತಾಯಿಯನ್ನೂ ತಮ್ಮನನ್ನೂ ಒಂದು ಸಲ ಒಟ್ಟಿಗೆ ನೋಡಿಬಿಟ್ಟರೆ ಸಾಕು, ಲೋಕ ಏನಾದರೂ ಅಂದುಕೊಳ್ಳಲಿ ಅನ್ನಿಸಿತು. ಪಕ್ಕದಲ್ಲಿ ವಕೀಲಮ್ಮ ಕಾಗದ ಹಿಡಿದು ನೆಲ ನೋಡುತ್ತಿದ್ದಳು.

"ಹೋದಳು ಕಣೋ."

ಅವನಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಅಂದ. ಆಮೇಲೆ ಅರ್ಥವಾಯಿತು. ಜಾಲರಿ ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದವು. ನೆಲದ ಮೇಲೆ ಕೂತು, ದೊಡ್ಡ ಗಂಡಸು, ಮೊಣಕಾಲಿಗೆ ಮುಖ ಹುದುಗಿಸಿ ಗೊಳೋ ಅಂತ ಅತ್ತ. ಟೈಲರಮ್ಮ ಈಚೆ ನಿಂತು, "ಇದಾಳೆ ಕಣೋ, ಇನ್ನೂ ಇದಾಳೆ" ಅನ್ನುವ ಮಾತನ್ನು ಹಲ್ಲು ಕಚ್ಚಿ ನುಂಗಿದಳು.

ಕೊನೆಗೆ ಅವನು ಕೇಳಿದ. "ಹೋಗೋವಾಗ ಏನಾದ್ರೂ ಅಂದಳಾ?"

"ಕೊಲೆಗಾರ ಅನ್ನಿಸ್ಕೊಂಡು ಬರೋದು ಬೇಡ ಅಂದಳು."

ವಕೀಲಮ್ಮ ಸಾಕ್ಷಿಯ ವಿಷಯ ಹೇಳಿದಳು, ಕಾಗದ ಒಳಗೆ ಕೊಡಿಸಿದಳು. ಅವನು ಓದಲೂ ಇಲ್ಲ, ಸಹಿ ಹಾಕಿದ. "ಇನ್ನು ಆಚೆ ಬಂದು ಏನು ಮಾಡಬೇಕಿದೆ ನನಗೆ?" ಅಂದು ಎದ್ದು ಒಳಗೆ ಹೋದ.

ಮನೆಗೆ ಬಂದಾಗ ತಾಯಿ ಎಚ್ಚರವಾಗಿಯೇ ಇದ್ದಳು. ಟೈಲರಮ್ಮ ಮಂಚದ ಪಕ್ಕ ಕೂತು ಅವಳ ಕಾಲು ಒತ್ತತೊಡಗಿದಳು.

"ಸಹಿ ಹಾಕಿದ್ನಾ?"

"ಹಾಕಿದ."

ತಾಯಿ, ಕೇಳಲೋ ಬೇಡವೋ ಅನ್ನುವ ಹಾಗೆ, ಮೆಲ್ಲಗೆ ಕೇಳಿದಳು.

"ತುಂಬಾ ಅತ್ತನೇನೇ?"