ಡೇರೆಯಲ್ಲಿ ನಾಲ್ಕು ಗಂಟೆ

"ಯಾವುದಪ್ಪಾ ಇದು, ಹೀಗೆ ಕೊಳೀತಿರೋದು?"

ಕಸ ಗುಡಿಸುವ ಲೆನುತ್ಸಾ ಯಾರ ಮುಖವನ್ನೂ ನೋಡದೆ ಕೇಳಿದಳು. ಎರಡು ಮಾಸ್ಕ್ ಕಟ್ಟಿಕೊಂಡು ನರ್ಸ್ ಕೆಲಸದಲ್ಲಿದ್ದ ನನಗೂ ನಾತ ಬಡಿದಿತ್ತು. ಸತ್ತ ಇಲಿಯ ಮೇಲೆ ತುಕ್ಕುನೀರು ಸುರಿದ ಹಾಗೆ. ಅದು ಬರುತ್ತಿದ್ದದ್ದು ನಾಲ್ಕು ವರ್ಷದ ಇಲಿಂಕಾಳ ಎಡ ಮೂಗಿನಿಂದ.

ಮಕ್ಕಳ ತುರ್ತು ವಿಭಾಗದ ಹೊರಗೆ, ಸೋಂಕಿನ ಪರೀಕ್ಷೆಗೆಂದು ಹಾಕಿದ್ದ ಡೇರೆ ಅದು. ಈಸ್ಟರ್ ಕಳೆದು ಎರಡನೆಯ ದಿನ. ಸಿರೆತ್ ನದಿಯಾಚೆಯ ಹಳ್ಳಿಯಿಂದ ಅಜ್ಜಿ ಅಗ್ಲಾಯಾ ಮೊಮ್ಮಗಳನ್ನು ಎತ್ತಿಕೊಂಡು ಎಂಟಕ್ಕೇ ಬಂದಿದ್ದಳು. ತಾಯಿ ಇಟಲಿಯಲ್ಲಿ ಯಾರದೋ ಮುದುಕರ ಸೇವೆಗೆ ಹೋದವಳು, ಗಡಿ ಮುಚ್ಚಿ ಅಲ್ಲೇ ಉಳಿದಿದ್ದಳು.

"ಮೂಗಿಗೆ ಏನು ಹಾಕಿದ್ರಿ ಅಜ್ಜಿ?"

"ತೀರ್ಥ, ಮಗಳೇ. ಮೂರು ದಿನದಿಂದ ಹನಿ ಹಾಕ್ತಿದೀನಿ. ನಮ್ಮೂರ ಡಾಕ್ಟ್ರು ಫೋನಲ್ಲೇ ನೆಗಡಿ ಅಂದ್ಬಿಟ್ರು. ಚರ್ಚು ಬಾಗಿಲು ಹಾಕಿದೆ. ಮನೇಲಿದ್ದದ್ದು ಅದೊಂದೇ."

"ಮಗು ಏನಾದ್ರೂ ತುರುಕಿಕೊಂಡಿದ್ಯಾ?"

"ಕಾಣೆ ತಾಯಿ. ದೇವರ ಪಟದ ಮುಂದಿನ ದೀಪ ಮಾತ್ರ ಉರೀತಿಲ್ಲ. ಎಣ್ಣೆದೀಪಕ್ಕೆ ಕೈ ಹಾಕಿ ಸುಟ್ಕೊಂಡೀತು ಅಂತ ಪ್ಲಾಸ್ಟಿಕ್ಕಿಂದು ತಂದಿದ್ದೆ. ಅದರೊಳಗಿನ ಗುಂಡಿಯಂಥದ್ದು ಎಲ್ಲಿ ಬಿತ್ತೋ."

ದೀಪದ ಬ್ಯಾಟರಿ ಅದು. ಗುಂಡಿಯಂಥ ಬ್ಯಾಟರಿ ಒದ್ದೆ ಮಾಂಸಕ್ಕೆ ತಾಗಿದರೆ ಒಂದೊಂದು ಗಂಟೆಗೂ ಸುಡುತ್ತ ಹೋಗುತ್ತದೆ. ಮೇಲಿನ ಮಹಡಿಯಲ್ಲಿದ್ದ ಕಿವಿ, ಮೂಗು, ಗಂಟಲಿನ ಡಾಕ್ಟರ್ ತುದೋಸೆಗೆ ಫೋನ್ ಮಾಡಿದೆ.

"ಸೋಂಕಿನ ಫಲಿತಾಂಶ ಬಂತಾ?"

"ಇಲ್ಲ ಡಾಕ್ಟ್ರೇ, ಆದರೆ ಇದು ಬ್ಯಾಟರಿ."

"ಆ ಮೂಗಿನ ಉಸಿರಿಗೆ ಮುಖ ಒಡ್ಡೋದು ನಾನು, ನೀವಲ್ಲ. ಫಲಿತಾಂಶ ಬಂದ ಮೇಲೆ ಹೇಳಿ."

ಒಂಬತ್ತಕ್ಕೆ ಮಾಡಿದೆ, ಹತ್ತಕ್ಕೆ ಮಾಡಿದೆ. ಅದೇ ಮಾತು.

"ಅವರ ಮೂಗಲ್ಲಿದ್ದಿದ್ರೆ ಹಲ್ಲಲ್ಲೇ ಕಿತ್ಕೋತಿದ್ರು," ಎಂದಳು ಲೆನುತ್ಸಾ.

ಮಗುವಿನ ಮೂಗಿನಿಂದ ಕಪ್ಪು ನೀರು ಅಜ್ಜಿಯ ತೋಳಿನ ಮೇಲೆ ಇಳಿಯುತ್ತಿತ್ತು. ಅಜ್ಜಿ ಮೆಲ್ಲಗೆ ಕೀರ್ತನೆ ಹೇಳುತ್ತಿದ್ದಳು. ತಾತನ ಬಾಯಿಂದ ಅವನ್ನೇ ಕೇಳುತ್ತ ಬೆಳೆದವಳು ನಾನು. ಅಂದು ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಬಂದದ್ದು ಆ ಡಾಕ್ಟರಿಗೆ ಉಗಿಯಬೇಕೆನಿಸಿದ ಉಗುಳು. ಮಾಸ್ಕಿನೊಳಗೆ ಅದನ್ನು ನುಂಗಿಕೊಂಡೆ.

ಹನ್ನೆರಡಕ್ಕೆ ಫಲಿತಾಂಶ ಬಂತು. ಸೋಂಕಿಲ್ಲ. ಕೆಳಗಿಳಿದು ಬಂದ ಡಾಕ್ಟರಿಗೆ ಬ್ಯಾಟರಿ ತೆಗೆಯಲು ಹಿಡಿದದ್ದು ಹತ್ತೇ ನಿಮಿಷ. ಅದಕ್ಕೆ ಸುಟ್ಟ ಮಾಂಸ ಅಂಟಿತ್ತು. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಬಟಾಣಿಯಷ್ಟು ತೂತು.

ಹೊರಗೆ ಕಾಯುತ್ತಿದ್ದ ಅಗ್ಲಾಯಾ ಓಡಿ ಬಂದು ಡಾಕ್ಟರ ಕೈಗೆ ಮುತ್ತಿಟ್ಟಳು. ಈಸ್ಟರಿನ ಕೆಂಪು ಮೊಟ್ಟೆಗಳ ಗಂಟನ್ನು ಮುಂದಿಟ್ಟಳು. ಆತ ಗಂಟನ್ನು ತೆಗೆದುಕೊಂಡು, ಮುತ್ತು ಬಿದ್ದ ಕೈಯನ್ನು ಅವಳೆದುರೇ ಸ್ಯಾನಿಟೈಸರಿನಲ್ಲಿ ಉಜ್ಜಿಕೊಂಡ. ಆಮೇಲೆ ನನ್ನ ಮೇಜಿಗೆ ಬಂದ.

"ಸಿಸ್ಟರ್, ಬಂದ ಸಮಯ ಹನ್ನೊಂದೂವರೆ ಅಂತ ಬರೀರಿ. ಮುದುಕಿ ಮೂರು ದಿನ ನೀರು ಬಿಟ್ಟಿದ್ದಾಳೆ. ಹಾಳಾಗಿದ್ದೆಲ್ಲ ಮನೇಲೇ. ನಮ್ಮ ನಾಲ್ಕು ಗಂಟೆ ಯಾವ ಲೆಕ್ಕ?"

ಹಾಗೆ ಬರೆದರೆ ಆ ತೂತಿನ ತಪ್ಪು ಪೂರ್ತಿಯಾಗಿ ಅಜ್ಜಿಯ ತಲೆಗೆ. ತಾಯಿ ಬಂದು ಓದುವುದೂ ಅದನ್ನೇ.

"ಬರೆಯೋದಿಲ್ಲ," ಎಂದೆ.

"ಕೇಳಿಸಲಿಲ್ಲ."

"ಎಂಟಕ್ಕೆ ಬಂದ್ರು ಡಾಕ್ಟ್ರೇ. ಬೇರೆ ಸಮಯ ನನ್ನ ಕೈಲಿ ಬರೆಸಬೇಡಿ. ನಾನು ಬರೆಯೋದಿಲ್ಲ."