ತೂತು ಬೀಳದ ಕುರ್ಚಿ

ನಮ್ಮ ಕಡೆ ಒಮ್ಮೆ ಕುರ್ಚಿ ಸಿಕ್ಕವರು ತಾವಾಗಿ ಎದ್ದು ಹೋದದ್ದು ಕಡಿಮೆ. ಪಾಂಡವಪುರದ ಹತ್ತಿರದ ಹಳ್ಳಿಯ ಬಡಗಿ ಮನೆ ಸುಬ್ಬಮ್ಮನವರ ಕಥೆ ಬೇರೆ. ಅವರನ್ನು ಕುರ್ಚಿಯಲ್ಲಿ ಕೂರಿಸಲು ಊರೇ ನಿಂತಿತ್ತು. ಏಳಬೇಕು ಅಂತ ಹಟ ಹಿಡಿದದ್ದು ಅವರೊಬ್ಬರೇ.

ಸುಬ್ಬಮ್ಮನವರಿಗೆ ಸಂಧಿವಾತ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ಪಕ್ಕದ ಮನೆಯ ಅಣ್ಣಮ್ಮ ಅದನ್ನು ‘ರುಮಾಲು ಆರತಿ’ ಮಾಡಿ ಬೀದಿಗೆಲ್ಲ ಹಂಚಿದರು. ಇದು ವಯಸ್ಸಿಗೆ ಮಂಡಿ ಸವೆಯುವ ಕಾಯಿಲೆ ಅಲ್ಲ. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವ ಕಾಯಿಲೆ. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು. ಮಣಿಕಟ್ಟು, ಮಂಡಿ ಊದಿಕೊಂಡು ಬಿಸಿಬಿಸಿ.

ಮಾತ್ರೆ ಶುರುವಾದ ಮೇಲೆ ಊತ ಇಳಿಯಿತು. ಮನೆಯವರ ಕಾಳಜಿ ಮಾತ್ರ ಇಳಿಯಲಿಲ್ಲ. ಪೊರಕೆ ಹಿಡಿದರೆ ಸೊಸೆ ಭೂಮಿಕ ಕಿತ್ತುಕೊಂಡಳು. ಬಾಗಿಲಾಚೆ ಕಾಲಿಟ್ಟರೆ ಅಣ್ಣಮ್ಮ ವಾಪಸು ಕಳಿಸಿದರು. ಮಗ ಶಿವಪ್ರಕಾಶ್ ಹಲಸಿನ ಮರದಲ್ಲಿ ಅಗಲವಾದ ಕೈಗಳಿರುವ ಕುರ್ಚಿ ಮಾಡಿ ಪಡಸಾಲೆಯಲ್ಲಿಟ್ಟ. ಅಲ್ಲಾಡದೆ ಕೂತರೆ ಕೀಲು ಉಳಿಯುತ್ತದೆ ಅನ್ನುವುದು ಎಲ್ಲರ ನಂಬಿಕೆ.

ಕೂತು ಕೂತು ಸುಬ್ಬಮ್ಮನವರ ತೊಡೆಯ ಬಲವೇ ಹೋಯಿತು. ಕುರ್ಚಿ ಬೇರೆ ತಗ್ಗು. ಹಿತ್ತಲಿನ ಕಕ್ಕಸಿಗೆ ಹೋಗಬೇಕಾದರೆ ಯಾರಾದರೂ ಎತ್ತಿ ನಿಲ್ಲಿಸಬೇಕು. ಭೂಮಿಕ ಗಾರ್ಮೆಂಟ್ಸಿಗೆ ಹೋದ ಮೇಲೆ ಎತ್ತುವವರಿಲ್ಲ. ಮಗನನ್ನು ಕರೆಯಲು ನಾಚಿಕೆ. ಸುಬ್ಬಮ್ಮ ಹಗಲು ಹೊತ್ತು ನೀರು ಕುಡಿಯುವುದನ್ನೇ ಬಿಟ್ಟರು.

ಇದು ಶಿವುಗೆ ಗೊತ್ತಾಯಿತು. ಅವನು ಬಡಗಿ, ಬಡಗಿಗೆ ಎಲ್ಲ ಕಷ್ಟಕ್ಕೂ ಮರದಲ್ಲೇ ಮದ್ದು. ಒಂದು ಬೆಳಗ್ಗೆ ಡ್ರಿಲ್ಲಿಂಗ್ ಮಿಷಿನ್ನು ತಂದವನೇ ಕುರ್ಚಿಯ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದ.

“ನೀನು ಏಳೋದೇ ಬ್ಯಾಡ ಕಣವ್ವ. ಇಲ್ಲೊಂದು ತೂತು ಕೊರ್ದು ಕೆಳೀಕೆ ಬಕೀಟು ಇಟ್‌ಬುಡ್ತೀನಿ. ಎಲ್ಲಾ ಕೂತಲ್ಲೇ.”

ಸುಬ್ಬಮ್ಮ ಗೆರೆ ನೋಡಿದರು. ಮಗನ ಮುಖ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ.

“ಲೇ ಶಿವು, ಬಂದೋರು ಹೋದೋರ್ ಮುಂದೆ, ನಡುಮನೇಲಿ ಬಕೀಟಾ? ತೂತು ಕೊರ್ದು ನೋಡು, ಈ ಕುರ್ಚೀನೇ ಒಲೆಗೆ ಹಾಕ್ತೀನಿ. ನನ್ ಕಾಲು ಇನ್ನೂ ನನ್ನವೇ ಕಣ್ಲಾ. ವ್ಯಾಯಾಮ ಹೇಳ್ಕೊಡೋರ್ ತಾವ ಕರ್ಕೊಂಡೋಗು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಣ್ಣಮ್ಮ, ವ್ಯಾಯಾಮ ಅಂದದ್ದೇ ಜಿಮ್ಮಿನ ಹುಡುಗರಂತೆ ಎದೆ ಉಬ್ಬಿಸಿ, ತೋಳು ಮಡಚಿ ತೋರಿಸಿದರು. ಸುಬ್ಬಮ್ಮ ನಗಲಿಲ್ಲ. ಆಟೋ ಹತ್ತಿದರು.

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ವ್ಯಾಯಾಮ ಕಲಿಸುವ, ನಾಗಮಂಗಲದ ದಿವ್ಯ ಇದ್ದರು. ಓಡಾಡಿದರೆ ಕೀಲು ಸವೆಯುವುದಿಲ್ಲವೇ ಎಂದು ಶಿವು ಕೇಳಿದ. ಕೀಲನ್ನು ಹಿಡಿದು ನಿಲ್ಲಿಸುವುದು ಸುತ್ತಲಿನ ಮಾಂಸಖಂಡ, ಕೂತೇ ಇದ್ದರೆ ಅದು ಸೊರಗುತ್ತದೆ, ಆಗ ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ ಎಂದರು ದಿವ್ಯ. ಆಮೇಲೆ ಕುರ್ಚಿ ಎಷ್ಟು ಎತ್ತರ ಅಂತ ಕೇಳಿದರು. ಶಿವು ತೂತು ಕೊರೆಯುವ ಯೋಚನೆಯನ್ನೂ ಹೇಳಿ, ಎತ್ತರವನ್ನು ಕೈಯಲ್ಲಿ ತೋರಿಸಿದ. ಕೈ ಅವನ ಮಂಡಿಗಿಂತ ಕೆಳಗಿತ್ತು.

“ಅಷ್ಟು ತಗ್ಗಿಂದ ಎದ್ದೇಳೋಕೆ ನನಗೂ ಕಷ್ಟ ಆಗುತ್ತೆ ಶಿವಪ್ರಕಾಶ್. ತೂತು ಬೇಡ. ಕಾಲು ಎತ್ತರಿಸಿ.”

ಶಿವು ಅಂದೇ ಕುರ್ಚಿಯ ನಾಲ್ಕು ಕಾಲಿಗೂ ಮರದ ತುಂಡು ಕೂಡಿಸಿ, ಅಲ್ಲಾಡದಂತೆ ಬಿಗಿದ. ದಿವ್ಯ ಹೇಳಿಕೊಟ್ಟಂತೆ ಸುಬ್ಬಮ್ಮನ ಪಾಠ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ಬೇಡ, ಬಿಸಿನೀರು ಮೈಗೆ ಬಿದ್ದು ಬಿಗಿತ ಸಡಿಲವಾದ ಮೇಲೆ. ಮೊದಲು ಬೆರಳು, ಮಣಿಕಟ್ಟು, ತೋಳು, ಪಾದ ಎಲ್ಲವನ್ನೂ ಮೆಲ್ಲಗೆ, ಹೋದಷ್ಟು ಮಾತ್ರ ಮಡಚಿ ಬಿಡಿಸುವುದು. ಆಮೇಲೆ ಕುರ್ಚಿಯ ಅಂಚಿಗೆ ಸರಿದು, ಬೆರಳ ಗಿಣ್ಣು ಊರದೆ ಮುಂಗೈಯನ್ನು ಕುರ್ಚಿಯ ಕೈ ಮೇಲಿಟ್ಟು ಎದ್ದು ನಿಲ್ಲುವುದು, ಧೊಪ್ಪನೆ ಬೀಳದೆ ನಿಧಾನಕ್ಕೆ ಕೂರುವುದು. ಸಂಜೆ ಕಾಲಿಗೆ ಸರಿಹೊಂದುವ ಚಪ್ಪಲಿ ಹಾಕಿ ಸಮತಟ್ಟಾದ ಬೀದಿಯಲ್ಲಿ ಸ್ವಲ್ಪ ನಡಿಗೆ. ದಿನದಿನಕ್ಕೆ ಚೂರುಚೂರೇ ಹೆಚ್ಚಿಸುವುದು. ಮಾತ್ರೆ ಮಾತ್ರ ತಪ್ಪುವ ಹಾಗಿಲ್ಲ.

ಅಣ್ಣಮ್ಮ ದಿನವೂ ಬಂದು ಸುಬ್ಬಮ್ಮ ಏಳುವುದನ್ನು ಅಣಕಿಸುತ್ತಿದ್ದರು. ಮೊದಲು ನರಳಾಟ ಏಳುತ್ತೆ, ಆಮೇಲೆ ಸೀರೆ ಏಳುತ್ತೆ, ಕೊನೆಗೆ ಸುಬ್ಬಕ್ಕ ಏಳುತ್ತಾಳೆ, ಅಂತ. ಒಂದು ದಿನ ಸುಬ್ಬಮ್ಮನ ಬಲ ಮಂಡಿ ಊದಿ ಕೆಂಪಾಗಿ ಬಿಸಿಯಾಗಿತ್ತು. ಅಣ್ಣಮ್ಮ ಇವತ್ತು ಆಟ ಇಲ್ಲವಾ ಎಂದು ಕೆಣಕಿದರು. ಸುಬ್ಬಮ್ಮ ಅಣ್ಣಮ್ಮನ ಎದುರಿಗೇ ಎದ್ದರು, ಕೂತರು, ಮತ್ತೆ ಎದ್ದರು. ಸಾಕು ಅಂತ ಮಂಡಿ ಹೇಳಿದರೂ ನಿಲ್ಲಿಸಲಿಲ್ಲ. ಸಂಜೆಗೆ ಕಾಲು ನೆಲಕ್ಕೆ ಊರಲಾಗಲಿಲ್ಲ.

ನಾನು ಮೊದಲೇ ಹೇಳಿರಲಿಲ್ಲವಾ ಎಂದರು ಅಣ್ಣಮ್ಮ. ಶಿವು ಮತ್ತೆ ಆ ಪೆನ್ಸಿಲ್ ಗೆರೆ ನೋಡಿದ. ಸುಬ್ಬಮ್ಮ ಮಾರನೇ ದಿನ ಮತ್ತೆ ಆಟೋ ಹತ್ತಿದರು. ಡಾಕ್ಟರು ಮಂಡಿ ನೋಡಿ ಔಷಧಿ ಸರಿಮಾಡಿದರು. ದಿವ್ಯ ಕೇಳಿದ್ದು ಒಂದೇ: ವ್ಯಾಯಾಮಕ್ಕೆ ಮುಂಚೆಯೇ ಮಂಡಿ ಬಿಸಿ ಇತ್ತಾ?

ಇತ್ತು ಎಂದರು ಸುಬ್ಬಮ್ಮ.

“ಹಾಗಾದ್ರೆ ತಪ್ಪು ವ್ಯಾಯಾಮದ್ದಲ್ಲಮ್ಮ, ಜಿದ್ದಿನದು. ಕೀಲು ಊದಿ ಬಿಸಿ ಇದ್ದ ದಿನ ಅದರ ಮೇಲೆ ಭಾರ ಬೇಡ. ಮೆಲ್ಲಗೆ ಅಲ್ಲಾಡಿಸಿ, ಅಷ್ಟೇ. ಉಳಿದ ದಿನ ವ್ಯಾಯಾಮ ಮುಗಿದು ಎರಡು ಗಂಟೆ ಆದ ಮೇಲೂ ನೋವು ಹೆಚ್ಚಾಗೇ ಇದ್ರೆ, ಮಾರನೇ ದಿನ ಕಡಿಮೆ ಮಾಡಿ. ಬಿಟ್ಟುಬಿಡಬೇಡಿ.”

ಶಿವು ತಲೆಯೆತ್ತಿದ.

“ಈಗ ಗೊತ್ತಾಯ್ತು ಮೇಡಂ. ಮಳೆಗಾಲ್ದಲ್ಲಿ ಬಾಗ್ಲು ಊದ್ಕೊಂಡಾಗ ಒದೀಬಾರ್ದು, ಚೌಕಟ್ಟೇ ಕಿತ್ತೋಯ್ತದೆ. ಅಂಗಂತ ಮೊಳೆ ಹೊಡ್ದು ಮುಚ್ಚೂಬಾರ್ದು. ನಾವು ಅವ್ವಂಗೆ ಮೊಳೆ ಹೊಡ್ದಿದ್ದೋ.”

ಮನೆಗೆ ಬಂದವನೇ ಪಾಲಿಶ್ ಪೇಪರು ತಗೊಂಡು ಹಲಗೆಯ ಮೇಲಿನ ಗುಂಡು ಗೆರೆಯನ್ನು ಗುರುತೂ ಉಳಿಯದಂತೆ ಉಜ್ಜಿ ಹಾಕಿದ.

ಊತ ಇಳಿದ ಮೇಲೆ ಸುಬ್ಬಮ್ಮ ಮತ್ತೆ ಮೊದಲಿನಿಂದ, ಕಡಿಮೆಯಿಂದ ಶುರು ಮಾಡಿದರು. ಮೊದಲ ಮಳೆ ಬೀಳುವ ಹೊತ್ತಿನ ಒಂದು ಮಧ್ಯಾಹ್ನ ಭೂಮಿಕ ಕೆಲಸದಲ್ಲಿದ್ದಳು, ಶಿವು ಕೊಟ್ಟಿಗೆಯಲ್ಲಿ ಮರ ಕೊಯ್ಯುತ್ತಿದ್ದ. ಸುಬ್ಬಮ್ಮ ಒಂದು ಚೊಂಬು ನೀರನ್ನು ಗಟಗಟ ಕುಡಿದರು. ಸ್ವಲ್ಪ ಹೊತ್ತಿಗೆ ಅಂಚಿಗೆ ಸರಿದು, ಮುಂಗೈ ಊರಿ, ಎದ್ದರು. ಯಾರನ್ನೂ ಕರೆಯದೆ ಹಿತ್ತಲಿಗೆ ಹೋಗಿ ಬಂದರು.

ಬಂದು ನೋಡಿದರೆ ಅಣ್ಣಮ್ಮ ಕುರ್ಚಿಯಲ್ಲಿ ಒರಗಿ ಎಲೆಅಡಿಕೆ ಅಗಿಯುತ್ತಿದ್ದರು.

“ಏಳು ಅಣ್ಣಮ್ಮ. ನನ್ ವ್ಯಾಯಾಮದ ಹೊತ್ತು.”

“ಕೂತೋಳನ್ನ ಎಬ್ಬುಸ್ತಿಯಲ್ಲ ಸುಬ್ಬಕ್ಕ.”

“ಇಷ್ಟು ದಿನ ನೀವೆಲ್ಲಾ ಸೇರ್ಕೊಂಡು ನನ್ನ ಕೂರ್ಸಿದ್ರಿ. ಇನ್ಮೇಲೆ ಎಬ್ಬುಸೋ ಸರದಿ ನಂದು.”

ಅಣ್ಣಮ್ಮ ಎದ್ದರು. ಏಳುವಾಗ ನರಳಿದರು. ಈ ಸಲ ಅದು ಅಣಕವಾಗಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಂಧಿವಾತದವರು ಮೂಲೆ ಸೇರಿದ್ದಾರಾ? ಡಾಕ್ಟರನ್ನು ಕೇಳಿ, ವ್ಯಾಯಾಮ ಬಲ್ಲವರಿಂದ ಕಲಿಸಿ. ಮಾತ್ರೆ ಬಿಡಿಸಬೇಡಿ. ಕೀಲು ಕೆಂಪಾಗಿ ಊದಿದ ದಿನ ಒತ್ತಾಯ ಬೇಡ. ಕತ್ತು ನೋವಿನ ಜೊತೆ ಕೈ ಜೋಮು ಹಿಡಿದರೆ, ಎದೆ ನೋವು ಬಂದರೆ, ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಉಳಿದ ದಿನ ಅವರ ಕೈಯಿಂದ ಪೊರಕೆ ಕಿತ್ತುಕೊಳ್ಳಬೇಡಿ, ಬಾಗಿಲಿಂದ ವಾಪಸು ಕಳಿಸಬೇಡಿ.

ಕುರ್ಚಿ ಕೊಡಿ, ಬೇಡವೆನ್ನುವುದಿಲ್ಲ. ಏಳುವಷ್ಟು ಎತ್ತರದ್ದು ಕೊಡಿ.